ಬೀರುವಿನ ಹಿಂದಿನ ಸಾಲಿನ ಬಾಟಲಿ

ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ

ವಿಕಿರಣ ವಸ್ತು ಅನಿರೀಕ್ಷಿತವಾಗಿ ಕಣ್ಣಿಗೆ ಬಿದ್ದರೆ ಏನು ಮಾಡಬೇಕೆಂದು ಕೇಳಿ ಮಂಡ್ಯ ಮತ್ತು ಮೈಸೂರು ಜಿಲ್ಲೆಗಳಿಂದ ಬಂದಿರುವ ನಾಲ್ಕು ಪತ್ರಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಪತ್ರ ಬರೆದವರ ಕೋರಿಕೆಯಂತೆ ಯಾರ ಹೆಸರನ್ನೂ, ಯಾವ ಸಂಸ್ಥೆಯ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಾನು ಮಂಡ್ಯದ ಒಂದು ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕಿ. ಹಳೆಯ ಸ್ಟೋರ್ ರೂಮ್ ಖಾಲಿ ಮಾಡುವಾಗ, ತುಕ್ಕು ಹಿಡಿದ ಕಬ್ಬಿಣದ ಬೀರುವಿನ ಹಿಂದಿನ ಸಾಲಿನಲ್ಲಿ ಕಂದು ಗಾಜಿನ ಒಂದು ಬಾಟಲಿ ಸಿಕ್ಕಿತು. ಅರ್ಧ ಹುಳು ತಿಂದಿದ್ದ ಲೇಬಲ್ಲಿನ ಮೇಲೆ ಯುರೇನೈಲ್ ನೈಟ್ರೇಟ್, 100 ಗ್ರಾಂ ಎಂದಿತ್ತು. ಮುಚ್ಚಳದ ಸುತ್ತ ಹಳದಿ ಪುಡಿ ಕಟ್ಟಿಕೊಂಡಿತ್ತು. ನಾನು ಓದಿ ಹೇಳುವಷ್ಟರಲ್ಲಿ ನಮ್ಮ ಅಟೆಂಡರ್ ಅದನ್ನು ಬರಿಗೈಯಲ್ಲಿ ಎತ್ತಿ, ಬಟ್ಟೆಯಿಂದ ಒರೆಸಿ ಮೇಜಿನ ಮೇಲೆ ಇಟ್ಟಾಗಿತ್ತು. ಮನೆಯಲ್ಲಿ ಪುಟ್ಟ ಮಗುವಿರುವುದರಿಂದ ಅವರು ಎರಡು ರಾತ್ರಿ ನಿದ್ದೆ ಮಾಡಿಲ್ಲ. ಈ ವಿಷಯ ಹೊರಗೆ ಹೋದರೆ ಪೊಲೀಸರು, ಪತ್ರಿಕೆಯವರು ಬರುತ್ತಾರೆ, ಸುಮ್ಮನಿರಿ ಎಂದು ಪ್ರಾಂಶುಪಾಲರು ಹೇಳಿದ್ದಾರೆ. ಕಾಲೇಜಿನ ಹಿಂದೆ ಆಳವಾದ ಗುಂಡಿ ತೋಡಿ ಹೂಳಬಹುದು ಎಂದು ಒಬ್ಬರು, ರಾತ್ರಿ ಹೊತ್ತು ನಾಲೆಗೆ ಬಿಡಬಹುದು ಎಂದು ಇನ್ನೊಬ್ಬರು ಸಲಹೆ ಕೊಟ್ಟಿದ್ದಾರೆ. ನಾನು ಏನು ಮಾಡಲಿ?

ಉತ್ತರ: ಬಾಟಲಿಗಿಂತ ಮೊದಲು ನಿಮ್ಮ ಅಟೆಂಡರ್ ವಿಷಯವನ್ನೇ ಮಾತಾಡೋಣ, ಏಕೆಂದರೆ ಇಡೀ ಪತ್ರದಲ್ಲಿ ನಿದ್ದೆಗೆಟ್ಟಿರುವವರು ಅವರು. ಬಾಟಲಿಯನ್ನು ಕೆಲವು ನಿಮಿಷ ಕೈಯಲ್ಲಿ ಹಿಡಿದದ್ದರಿಂದ ಅವರ ದೇಹಕ್ಕೆ ತಗುಲಿರುವ ವಿಕಿರಣ, ಆಸ್ಪತ್ರೆಯಲ್ಲಿ ಎದೆಯ ಎಕ್ಸ್‌ರೇ ಒಂದನ್ನು ತೆಗೆಸಿಕೊಂಡಾಗ ತಗುಲುವುದಕ್ಕಿಂತಲೂ ಕಡಿಮೆ ಎಂದು ಅವರಿಗೆ ಧೈರ್ಯವಾಗಿ ಹೇಳಿ. ಅವರ ಮೈ ಈಗ ವಿಕಿರಣ ಸೂಸುವುದಿಲ್ಲ, ಅವರು ಮಗುವನ್ನು ಎತ್ತಿಕೊಂಡರೆ ಮಗುವಿಗೆ ಏನೂ ಆಗುವುದಿಲ್ಲ. ಜ್ವರದಂತೆ ಒಬ್ಬರಿಂದ ಒಬ್ಬರಿಗೆ ಅಂಟುವ ಗುಣ ವಿಕಿರಣಕ್ಕೆ ಇಲ್ಲ. ಅಂಟುವುದಿದ್ದರೆ ಆ ಹಳದಿ ಪುಡಿ ಮಾತ್ರ, ಅದು ಅರಿಶಿನದ ಪುಡಿ ಅಂಟಿದ ಹಾಗೆ, ತೊಳೆದರೆ ಹೋಗುತ್ತದೆ. ಆದ್ದರಿಂದ ಅವರು ಸೋಪು ಹಾಕಿ, ಉಗುರಿನ ಸಂದಿಯೂ ಸೇರಿದಂತೆ, ಉಗುರುಬೆಚ್ಚಗಿನ ನೀರಿನಲ್ಲಿ ಮೃದುವಾಗಿ ಕೈ ತೊಳೆಯಬೇಕು. ಬ್ರಷ್ಷಿನಿಂದ ಉಜ್ಜಿ ಚರ್ಮ ಕೆರೆಯಬಾರದು. ಆ ದಿನ ತೊಟ್ಟಿದ್ದ ಬಟ್ಟೆಯನ್ನು ಕೊಡವದೆ, ಬೇರೆಯಾಗಿ ಒಗೆದರೆ ಸಾಕು.

ಒಂದೇ ಒಂದು ವಿಚಾರವನ್ನು ಅವರಲ್ಲಿ ಕೇಳಿ ತಿಳಿದುಕೊಳ್ಳಬೇಕು. ಬಾಟಲಿ ಒರೆಸಿದ ಮೇಲೆ ಕೈ ತೊಳೆಯದೆ ಊಟ ಮಾಡಿದರೇ, ಬೀಡಿ ಸೇದಿದರೇ, ಕೈಯಲ್ಲಿ ಹಸಿಗಾಯ ಇತ್ತೇ, ಪುಡಿ ಮೂಗಿಗೆ ಹೋಯಿತೇ? ಇವುಗಳಲ್ಲಿ ಯಾವುದಾದರೂ ಹೌದಾದರೆ ವೈದ್ಯರ ಬಳಿ ಕರೆದುಕೊಂಡು ಹೋಗಿ, ಏನು ಮುಟ್ಟಿದರು ಎಂಬುದನ್ನು ಮುಚ್ಚಿಡದೆ ಹೇಳಿ, ಮೂತ್ರ ಪರೀಕ್ಷೆಯನ್ನೂ ಮೂತ್ರಪಿಂಡದ ಕೆಲಸ ತಿಳಿಯುವ ಕ್ರಿಯಾಟಿನಿನ್ ಪರೀಕ್ಷೆಯನ್ನೂ ಮಾಡಿಸಿ. ಇಲ್ಲಿ ಮೂತ್ರಪಿಂಡದ ಮಾತು ಏಕೆ ಬಂತು ಎಂಬುದಕ್ಕೆ ಕಾರಣವಿದೆ: ಕರಗಬಲ್ಲ ಯುರೇನಿಯಂ ಲವಣ ಹೊಟ್ಟೆಗೆ ಹೋದರೆ ವಿಕಿರಣಕ್ಕಿಂತ ಮೊದಲು ಕೆಡುಕು ಮಾಡುವುದು ಅದರ ರಾಸಾಯನಿಕ ವಿಷ, ಸೀಸ ಅಥವಾ ಪಾದರಸ ಮಾಡುವ ಹಾಗೆ. ನೀವು ರಸಾಯನಶಾಸ್ತ್ರದವರಾದ್ದರಿಂದ ಇದನ್ನು ಸಹೋದ್ಯೋಗಿಗಳಿಗೆ ನೀವೇ ಬಿಡಿಸಿ ಹೇಳಬಲ್ಲಿರಿ.

ಇನ್ನು ಬಾಟಲಿ. ಹಿಂದೆ ಸೋಡಿಯಂ ಅಂಶವನ್ನು ತೂಕದ ಲೆಕ್ಕದಲ್ಲಿ ಕಂಡುಹಿಡಿಯುವ ಪ್ರಯೋಗಗಳಿಗೆ ಯುರೇನೈಲ್ ಲವಣಗಳು ಬೇಕಾಗುತ್ತಿದ್ದವು. ಸೋಡಿಯಂ ಅಳೆಯಲು ಫ್ಲೇಮ್ ಫೋಟೋಮೀಟರ್ ಬಂದ ಮೇಲೆ ಆ ಪ್ರಯೋಗಗಳು ಪಠ್ಯದಿಂದ ಹೊರಟುಹೋದವು, ಬಾಟಲಿಗಳು ಮಾತ್ರ ಬೀರುವಿನಲ್ಲಿ ಉಳಿದವು. ಅಂದರೆ ಇದನ್ನು ಯಾರೋ ಕದ್ದು ತಂದು ಬಚ್ಚಿಟ್ಟದ್ದಲ್ಲ, ಒಂದು ಕಾಲದ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಬಳಸಿದ್ದೇ ಇದು. ನೂರು ಗ್ರಾಂ ಲವಣದಲ್ಲಿ ಸುಮಾರು 47 ಗ್ರಾಂ ಯುರೇನಿಯಂ ಇರುತ್ತದೆ. ಅದರ ಅರ್ಧಾಯುಷ್ಯ, ಅಂದರೆ ಅದರ ಪರಮಾಣುಗಳಲ್ಲಿ ಅರ್ಧದಷ್ಟು ಸಿಡಿದು ಬೇರೆಯಾಗಲು ಹಿಡಿಯುವ ಕಾಲ, ಸುಮಾರು 447 ಕೋಟಿ ವರ್ಷ ಎಂದು ಓದಿದವರು ಇಷ್ಟು ಕಾಲ ವಿಷ ಕಕ್ಕುತ್ತದೆಯೇ ಎಂದು ಬೆಚ್ಚುತ್ತಾರೆ. ಲೆಕ್ಕ ಅದಕ್ಕೆ ತಿರುಗುಮುರುಗು: ಅರ್ಧಾಯುಷ್ಯ ದೀರ್ಘವಾದಷ್ಟೂ ಒಂದು ಕ್ಷಣಕ್ಕೆ ಸಿಡಿಯುವ ಪರಮಾಣುಗಳು ಕಡಿಮೆ, ಆದ್ದರಿಂದ ವಿಕಿರಣವೂ ಮಂದ. ಅದು ಸೂಸುವ ಆಲ್ಫಾ ಕಣಗಳನ್ನು ಗಾಜು ಪೂರ್ತಿಯಾಗಿ ತಡೆಯುತ್ತದೆ, ಬೀಟಾ ಕಣಗಳನ್ನು ಬಹಳಷ್ಟು ಕುಗ್ಗಿಸುತ್ತದೆ. ಬಾಟಲಿಯ ಮೈಗೆ ತಾಗಿಸಿ ಹಿಡಿದರೆ ಗೈಗರ್ ಮಾಪಕ ಚಟಪಟ ಎನ್ನುವುದು ನಿಜ, ಆದರೆ ಒಂದು ಮೀಟರ್ ಹಿಂದೆ ಸರಿದರೆ ಅದರ ಪಾಲನ್ನು ನೆಲ, ಗೋಡೆ, ಆಕಾಶಗಳಿಂದ ಬರುವ ಸಹಜ ವಿಕಿರಣದಿಂದ ಬೇರ್ಪಡಿಸಿ ಹೇಳುವುದೇ ಕಷ್ಟ. ಆ ಸಹಜ ವಿಕಿರಣದ ಪ್ರಪಂಚದ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್ (ಮೈಗೆ ತಗುಲುವ ವಿಕಿರಣವನ್ನು ಅಳೆಯುವ ಮಾನ), ಇದರ ಮೇಲೆ, ಮನುಷ್ಯರು ನಡೆಸುವ ವಿಕಿರಣ ಕೆಲಸಗಳಿಂದ ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್‌ಗಿಂತ ಹೆಚ್ಚು ತಗುಲಬಾರದೆಂಬುದು ನಮ್ಮ ದೇಶದಲ್ಲೂ ಜಾರಿಯಲ್ಲಿರುವ ಮಿತಿ.

ಹಾಗೆಂದು ಸದರ ಬೇಡ. ಮುಚ್ಚಳದ ಸುತ್ತ ಪುಡಿ ಕಟ್ಟಿದೆ ಎಂದರೆ ಬಾಟಲಿಯ ಬಿರಡೆ ಸಡಿಲವಾಗಿದೆ ಎಂದರ್ಥ. ಅದನ್ನು ತೆರೆಯಬೇಡಿ, ಒಳಗೆ ಎಷ್ಟಿದೆ ನೋಡೋಣ ಎಂದು ಅಲುಗಾಡಿಸಬೇಡಿ, ಬೇರೆ ಬಾಟಲಿಗೆ ಸುರಿಯಬೇಡಿ. ಇಟ್ಟಿರುವ ಮೇಜಿನ ಮೇಲೆಯೇ ಇರಲಿ. ಕೊಠಡಿಗೆ ಬೀಗ ಹಾಕಿ, ಬೀಗದ ಕೈ ಒಬ್ಬರ ಬಳಿಯೇ ಇರಲಿ, ಬಾಗಿಲಿಗೆ ಒಳಗೆ ಏನಿದೆ ಎಂದು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಅಂಟಿಸಿ. ಮೇಜಿನ ಮೇಲೆ ಪುಡಿ ಚೆಲ್ಲಿದ್ದರೆ ಪೊರಕೆ ಮುಟ್ಟಬೇಡಿ, ಫ್ಯಾನು ಹಾಕಬೇಡಿ, ಧೂಳು ಎದ್ದರೆ ಉಸಿರಿಗೆ ಹೋಗುತ್ತದೆ. ಕೈಗವಸು ಮತ್ತು ಮಾಸ್ಕ್ ಹಾಕಿಕೊಂಡು ಒದ್ದೆ ಕಾಗದದಿಂದ ಹೊರಗಿನಿಂದ ಒಳಮುಖವಾಗಿ ಒರೆಸಿ, ಆ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅದೇ ಕೊಠಡಿಯಲ್ಲಿ ಇಡಿ. ಅಟೆಂಡರ್ ಒರೆಸಿದ ಬಟ್ಟೆಗೂ ಇದೇ ಕ್ರಮ. ಇಲ್ಲಿ ಅನೇಕರು ಮರೆಯುವ ಸಂಗತಿಯೊಂದಿದೆ: ಯುರೇನೈಲ್ ನೈಟ್ರೇಟ್ ಉರಿಯುವುದಕ್ಕೆ ನೆರವಾಗುವ ಆಮ್ಲಜನಕಕಾರಿ, ಆದ್ದರಿಂದ ಆ ಕಾಗದ, ಬಟ್ಟೆ ಕಟ್ಟಿಟ್ಟ ಚೀಲವನ್ನಾಗಲಿ, ಬಾಟಲಿಯನ್ನಾಗಲಿ ಸ್ಪಿರಿಟ್, ಈಥರ್, ಅಸಿಟೋನ್ ಇರುವ ಕಪಾಟಿನ ಹತ್ತಿರ ಇಡಬಾರದು.

ಹೂಳುವುದು, ನಾಲೆಗೆ ಬಿಡುವುದು, ಇವೆರಡರ ಹೆಸರನ್ನೂ ಮತ್ತೆ ಎತ್ತಬಾರದೆಂದು ನಾನು ಕೈಮುಗಿದು ಕೇಳುತ್ತೇನೆ. ಈ ಲವಣ ನೀರಿನಲ್ಲಿ ಸಕ್ಕರೆಯಂತೆ ಕರಗುತ್ತದೆ. ವಿಶ್ವೇಶ್ವರಯ್ಯ ನಾಲೆಯ ನೀರು ಯಾರ ಗದ್ದೆಗೆ, ಯಾರ ಮನೆಯ ಹಸುವಿನ ಬಾನಿಗೆ ಹೋಗುತ್ತದೆಂದು ಮಂಡ್ಯದವರಿಗೆ ನಾನು ಹೇಳಬೇಕಾಗಿಲ್ಲ. ಹೂತರೆ ಇಂದಲ್ಲದಿದ್ದರೆ ಹತ್ತು ವರ್ಷದ ಮೇಲೆ ಹೊಸ ಕಟ್ಟಡದ ಪಾಯ ತೆಗೆಯಲು ಬರುವ ಕೂಲಿಯವನ ಗುದ್ದಲಿಗೆ ಅದು ಸಿಕ್ಕುತ್ತದೆ, ಆಗ ಲೇಬಲ್ ಕೂಡ ಇರುವುದಿಲ್ಲ.

ಈ ಮಾತನ್ನು ಪುಸ್ತಕ ಓದಿ ಹೇಳುತ್ತಿಲ್ಲ. ಬಹಳ ಹಿಂದೆ, ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಕಾಲೇಜಿನಲ್ಲಿ ಇಂಥದೇ ಹಳದಿ ಬಾಟಲಿ ಸಿಕ್ಕಿತು. ತಪಾಸಣೆಯ ದಿನ ಹತ್ತಿರವಾಗಿತ್ತು. ಹಿರಿಯರೊಬ್ಬರು ಅದನ್ನು ಸಿಂಕಿಗೆ ಸುರಿದು ಒಂದು ಬಕೆಟ್ ನೀರು ಬಿಟ್ಟರು, ದಾಸ್ತಾನು ಪುಸ್ತಕದ ಆ ಸಾಲಿಗೆ ಕೆಂಪು ಗೆರೆ ಎಳೆದರು. ಬಿಳಿ ಪಿಂಗಾಣಿ ಸಿಂಕಿನ ತೂತಿನ ಸುತ್ತ ಹಸಿರು ಮಿಶ್ರಿತ ಹಳದಿ ಬಳೆಯೊಂದು ಉಳಿಯಿತು. ಮರುದಿನ ಬೆಳಿಗ್ಗೆ ಸಿಂಕ್ ತೊಳೆಯುವ ಅಮ್ಮ ಅದನ್ನು ತೆಂಗಿನ ನಾರಿನಿಂದ ಉಜ್ಜುತ್ತಿದ್ದುದನ್ನು ನಾನು ನೋಡಿದೆ, ಇದು ಯಾವ ಬಣ್ಣ ಸಾರ್, ಹೋಗ್ತಾನೇ ಇಲ್ಲ ಎಂದು ಅವರು ಕೇಳಿದರು. ನಾನು ಕಿರಿಯ, ಬಾಯಿ ಬಿಡಲಿಲ್ಲ. ಅವರಿಗೆ ತೊಂದರೆಯಾಯಿತೆಂದು ನಾನು ಹೇಳುತ್ತಿಲ್ಲ, ಬಹುಶಃ ಏನೂ ಆಗಿರಲಾರದು. ಆದರೆ ತಾನು ಏನನ್ನು ಉಜ್ಜುತ್ತಿದ್ದೇನೆಂದು ತಿಳಿಯುವ ಹಕ್ಕು ಅವರಿಗಿತ್ತು, ಆ ಕೆಂಪು ಗೆರೆ ಅದನ್ನು ಕಸಿದುಕೊಂಡಿತು. ವಿಕಿರಣ ಸುರಕ್ಷೆಯ ತರಬೇತಿ ಪಡೆದು ಇಷ್ಟು ವರ್ಷ ಇದೇ ಕೆಲಸ ಮಾಡಿದ್ದಕ್ಕೆ ಆ ಬೆಳಗೂ ಒಂದು ಕಾರಣ.

ನಿಮ್ಮ ಪ್ರಾಂಶುಪಾಲರ ಭಯ ನನಗೆ ಅರ್ಥವಾಗುತ್ತದೆ. ಅವರಿಗೆ ಹೀಗೆ ಹೇಳಿ ನೋಡಿ: ಯುರೇನಿಯಂ ಮತ್ತು ಥೋರಿಯಂ ನಮ್ಮ ದೇಶದಲ್ಲಿ ಕಾನೂನಿನ ಹತೋಟಿಯಲ್ಲಿರುವ ವಸ್ತುಗಳು, ಅನುಮತಿಯಿಲ್ಲದೆ ಅವುಗಳನ್ನು ಮಾರುವಂತಿಲ್ಲ, ಕೊಡುವಂತಿಲ್ಲ, ಎಸೆಯುವಂತಿಲ್ಲ. ಹಳೆಯ ದಾಸ್ತಾನು ಸಿಕ್ಕಿತು ಎಂದು ತಾವಾಗಿ ತಿಳಿಸುವ ಕಾಲೇಜು ತನ್ನ ಕರ್ತವ್ಯ ಮಾಡಿದಂತಾಗುತ್ತದೆ; ಸಿಕ್ಕಿದ್ದನ್ನು ಮಣ್ಣು ಮಾಡಿದ ಕಾಲೇಜು ಮಾತ್ರ ತಪ್ಪಿಗೆ ಗುರಿಯಾಗುತ್ತದೆ. ತಿಳಿಸಬೇಕಾದದ್ದು ಮುಂಬೈಯ ಅಣುಶಕ್ತಿನಗರದಲ್ಲಿರುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ, 1983ರಲ್ಲಿ ಸ್ಥಾಪನೆಯಾದ ಈ ಮಂಡಳಿಯನ್ನು ಎಇಆರ್‌ಬಿ ಎಂದು ಕರೆಯುತ್ತಾರೆ. ಪ್ರಾಂಶುಪಾಲರ ಸಹಿಯಲ್ಲಿ ಒಂದು ಪುಟದ ಪತ್ರ ಸಾಕು. ಲೇಬಲ್ಲಿನ ಫೋಟೋ, ಬಾಟಲಿಯ ಗಾತ್ರ, ಬಿರಡೆಯ ಸ್ಥಿತಿ, ಎಲ್ಲಿ ಇಟ್ಟಿದ್ದೀರಿ, ಯಾರು ಯಾವಾಗ ಮುಟ್ಟಿದರು, ದಾಸ್ತಾನು ಪುಸ್ತಕದಲ್ಲಿ ಯಾವ ವರ್ಷದ ನಮೂದು ಇದೆ ಎಂಬಿಷ್ಟನ್ನು ಬರೆದು ಇಮೇಲ್ ಮಾಡಿ, ಮುಂದಿನ ಕ್ರಮವನ್ನು ಅವರನ್ನೇ ಕೇಳಿ. ಇಂಥ ತ್ಯಾಜ್ಯವನ್ನು ಕೊನೆಗೆ ಒಪ್ಪಿಸಿಕೊಳ್ಳುವ ವ್ಯವಸ್ಥೆ ಅಣುಶಕ್ತಿ ಇಲಾಖೆಯ ಸಂಸ್ಥೆಗಳಲ್ಲಿದೆ. ಉತ್ತರ ಬರಲು ಸ್ವಲ್ಪ ದಿನ ಹಿಡಿದರೂ ಗಾಬರಿಯಾಗಬೇಡಿ, ಇಷ್ಟು ವರ್ಷ ಬೀರುವಿನಲ್ಲಿದ್ದ ಬಾಟಲಿ ಬೀಗ ಹಾಕಿದ ಕೊಠಡಿಯಲ್ಲಿ ಇನ್ನಷ್ಟು ದಿನ ಇರಬಲ್ಲದು.

ಅಳತೆ ಮಾಡಿಸಿ ನೋಡಿದರೆ ಸಿಬ್ಬಂದಿಗೆ ಸಮಾಧಾನವಾಗುತ್ತದೆ ಎನ್ನುವುದಾದರೆ, ಮಾನಸಗಂಗೋತ್ರಿಯ ಭೌತಶಾಸ್ತ್ರ ವಿಭಾಗದಲ್ಲಿ ಮೈಸೂರು ಸುತ್ತಲಿನ ಸಹಜ ವಿಕಿರಣ ಮತ್ತು ರೇಡಾನ್ ಅನಿಲವನ್ನು ಅಳೆದು ಅಧ್ಯಯನ ಮಾಡಿದ ಪರಂಪರೆಯೇ ಇದೆ, ಅಂಥವರ ನೆರವು ಕೇಳಿ. ಮಾಪಕ ಬಾಟಲಿಯ ಬಳಿಗೆ ಬರಬೇಕು. ಬಾಟಲಿಯನ್ನು ಚೀಲದಲ್ಲಿ ಹಾಕಿಕೊಂಡು ಮೈಸೂರಿನ ಬಸ್ಸು ಹತ್ತುವುದು ಯಾವ ಕಾರಣಕ್ಕೂ ಕೂಡದು. ಯಲವಾಲದ ಹತ್ತಿರ ರತ್ನಹಳ್ಳಿಯಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ಘಟಕವೇ ಇದೆಯಲ್ಲ, ಅಲ್ಲಿಯ ಗೇಟಿಗೆ ಕೊಟ್ಟು ಬಂದರಾಯಿತು ಎಂದು ನಮ್ಮ ಕಡೆಯವರು ಹೇಳುವುದುಂಟು. ಅದು ಸ್ವೀಕಾರ ಕೇಂದ್ರವಲ್ಲ, ಹಾಗೆ ಹೊತ್ತುಕೊಂಡು ಹೋಗುವುದೂ ಸರಿಯಲ್ಲ.

ಪ್ರಶ್ನೆ: ಮೈಸೂರಿನಲ್ಲಿ ನಮ್ಮದು ಗುಜರಿ ಅಂಗಡಿ. ಮುಚ್ಚಿದ ಕಾರ್ಖಾನೆಯೊಂದರ ಲೋಡಿನಲ್ಲಿ ಸಣ್ಣ ಕುಂಬಳಕಾಯಿಯಷ್ಟು ದೊಡ್ಡ ಲೋಹದ ಡಬ್ಬಿಯೊಂದು ಬಂದಿದೆ, ಇಬ್ಬರು ಸೇರಿ ಎತ್ತಬೇಕಾದಷ್ಟು ಭಾರ. ಅದಕ್ಕೆ ಹೊಡೆದಿರುವ ಹಳದಿ ತಗಡಿನ ಮೇಲೆ ಫ್ಯಾನಿನ ರೆಕ್ಕೆಯಂಥ ಮೂರು ಎಲೆಯ ಗುರುತು ಇದೆ. ಒಳಗೆ ಸೀಸ ಇರಬೇಕು, ಒಳ್ಳೆಯ ರೇಟು ಸಿಗುತ್ತದೆ ಎಂದು ಹುಡುಗರು ಸುತ್ತಿಗೆ ಎತ್ತಿದ್ದರು, ನಾನು ತಡೆದಿದ್ದೇನೆ. ಇದನ್ನು ಒಡೆಯಬಹುದೇ? ಕೊಟ್ಟವರಿಗೇ ವಾಪಸ್ ಕಳಿಸಲೇ?

ಉತ್ತರ: ಒಡೆಯಬಾರದು, ವಾಪಸ್ ಕಳಿಸಲೂಬಾರದು. ಈ ಪತ್ರ ಕೈಸೇರಿದ ದಿನವೇ ಸಂಪಾದಕರು ಇವರಿಗೆ ದೂರವಾಣಿ ಮಾಡಿ, 112ಕ್ಕೆ ಕರೆಮಾಡಿ ಪೊಲೀಸರಿಗೆ ತಿಳಿಸುವಂತೆ ಹೇಳಿದ್ದಾರೆ. ಇಂಥ ವಿಷಯದಲ್ಲಿ ಪತ್ರಿಕೆಗೆ ಬರೆದು ತಿಂಗಳುಗಟ್ಟಲೆ ಕಾಯಬೇಡಿರೆಂದು ಎಲ್ಲ ಓದುಗರಲ್ಲೂ ವಿನಂತಿಸುತ್ತೇನೆ.

ಹಿಂದಿನ ಪ್ರಶ್ನೆಯ ಬಾಟಲಿಗೂ ಈ ಡಬ್ಬಿಗೂ ಅಜಗಜಾಂತರ. ಅಲ್ಲಿ ಏನಿದೆಯೆಂದು ಲೇಬಲ್ ಹೇಳುತ್ತಿತ್ತು, ವಿಕಿರಣ ಮಂದವೆಂದು ನಮಗೆ ಗೊತ್ತಿತ್ತು. ಇಲ್ಲಿ ಇಷ್ಟು ಭಾರದ ಕವಚ ಇದೆ ಎಂದರೆ, ಅಷ್ಟು ಕವಚ ಬೇಕಾಗುವಂಥ ವಸ್ತು ಒಳಗೆ ಒಮ್ಮೆ ಇತ್ತು, ಈಗಲೂ ಇರಬಹುದು. ಕಾರ್ಖಾನೆಗಳಲ್ಲಿ ತೊಟ್ಟಿಯೊಳಗಿನ ಮಟ್ಟವನ್ನೋ ಹಾಳೆಯ ದಪ್ಪವನ್ನೋ ಅಳೆಯಲು ಸೀಸಿಯಂ-137, ಕೋಬಾಲ್ಟ್-60 ಮುಂತಾದ ವಿಕಿರಣ ಸೂಸುವ ವಸ್ತುಗಳ ತುಣುಕುಗಳನ್ನು ಬಳಸುತ್ತಾರೆ, ಇವನ್ನು ಮೂಲ ಎನ್ನುತ್ತಾರೆ. ಬೆಸುಗೆಯ ಬಿರುಕು ಪತ್ತೆಮಾಡುವ ಪೆಟ್ಟಿಗೆಗಳಲ್ಲಿ ಇರಿಡಿಯಂ-192 ಇರುತ್ತದೆ, ಅವುಗಳಲ್ಲಿ ಅನೇಕಕ್ಕೆ ಕವಚವಾಗಿ ಹಾಕಿರುವುದು ಸೀಸಕ್ಕಿಂತಲೂ ಸಾಂದ್ರವಾದ, ಡಿಪ್ಲೀಟೆಡ್ ಯುರೇನಿಯಂ, ಅಂದರೆ ಇಂಧನಕ್ಕೆ ಬೇಕಾದ ಅಂಶವನ್ನು ಬಹುಪಾಲು ತೆಗೆದು ಉಳಿದ ಯುರೇನಿಯಂ. ಹಾಗಾಗಿ ಮೂಲ ತೆಗೆದ ಖಾಲಿ ಪೆಟ್ಟಿಗೆಯೂ ಗುಜರಿಗೆ ಹೋಗುವಂಥದಲ್ಲ. ಕವಚ ಗಟ್ಟಿಯಾಗಿರುವವರೆಗೆ ಅಪಾಯ ಹತೋಟಿಯಲ್ಲಿರುತ್ತದೆ. ಸುತ್ತಿಗೆ ತಡೆದ ನಿಮ್ಮ ಕೈ ದೊಡ್ಡದು.

2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ಹಾಗೆ ತಡೆಯುವವರು ಇರಲಿಲ್ಲ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ 1985ರಿಂದ ಬಳಕೆಯಿಲ್ಲದೆ ಬಿದ್ದಿದ್ದ ಗಾಮಾ ಕಿರಣದ ಯಂತ್ರವೊಂದನ್ನು ಆ ವರ್ಷದ ಫೆಬ್ರವರಿಯಲ್ಲಿ ಹರಾಜು ಹಾಕಿದರು. ಗುಜರಿಯವರು ಅದನ್ನು ಬಿಚ್ಚಿದರು, ಒಳಗಿದ್ದ ಕೋಬಾಲ್ಟ್-60 ಸರಳುಗಳು ಹೊರಬಂದವು. ಹೊಳೆಯುವ ಒಂದು ತುಂಡನ್ನು ಒಬ್ಬರು ಪರ್ಸಿನಲ್ಲೂ ಇಟ್ಟುಕೊಂಡಿದ್ದರು. ಏಪ್ರಿಲ್ ಹೊತ್ತಿಗೆ ಅಂಗಡಿಯವರ ಚರ್ಮ ಕಪ್ಪಾಗಿ, ಕೂದಲು ಉದುರಿ, ಆಸ್ಪತ್ರೆ ಸೇರಿದರು. ಒಬ್ಬ ಕೆಲಸಗಾರ ತೀರಿಕೊಂಡರು. ಅದಕ್ಕೂ ಮೊದಲು, 1987ರಲ್ಲಿ, ಬ್ರೆಜಿಲ್ ದೇಶದ ಗೊಯಾನಿಯಾ ಎಂಬ ಊರಿನಲ್ಲಿ ಪಾಳುಬಿದ್ದ ಚಿಕಿತ್ಸಾಲಯದಿಂದ ಗುಜರಿಗೆ ಬಂದ ಸೀಸಿಯಂ-137 ಪುಡಿ ಕತ್ತಲೆಯಲ್ಲಿ ನೀಲಿಯಾಗಿ ಹೊಳೆಯಿತೆಂದು ನೆಂಟರಿಷ್ಟರಿಗೆಲ್ಲ ಹಂಚಿದರು. ನಾಲ್ವರು ಸತ್ತರು, ಒಂದು ಲಕ್ಷಕ್ಕೂ ಮಿಕ್ಕಿ ಜನರನ್ನು ತಪಾಸಣೆ ಮಾಡಬೇಕಾಯಿತು. ಎರಡೂ ಕಡೆ ತಪ್ಪು ಶುರುವಾದದ್ದು ಗುಜರಿಯವರಿಂದಲ್ಲ ಎಂಬುದನ್ನು ನಾನು ಒತ್ತಿ ಹೇಳಬೇಕು. ವಸ್ತುವನ್ನು ಕೈಬಿಟ್ಟವರು ಓದುಬರಹ ಬಲ್ಲವರು, ಅದರಲ್ಲಿ ಏನಿದೆಯೆಂದು ತಿಳಿದಿರಬೇಕಾಗಿದ್ದವರು.

ಈಗ ನಿಮ್ಮ ಅಂಗಡಿಯಲ್ಲಿ ಮಾಡಬೇಕಾದದ್ದು. ಡಬ್ಬಿಯನ್ನು ಸರಿಸದೆ, ಎಲ್ಲರನ್ನೂ ದೂರ ಕಳಿಸಿ, ಸುತ್ತ 30 ಮೀಟರ್‌ವರೆಗೆ ಯಾರೂ ಸುಳಿಯದಂತೆ ನೋಡಿಕೊಳ್ಳಿ. ದೂರ ಎರಡರಷ್ಟಾದರೆ ವಿಕಿರಣ ಕಾಲು ಭಾಗಕ್ಕೆ ಇಳಿಯುತ್ತದೆ, ಮೂರರಷ್ಟಾದರೆ ಒಂಬತ್ತರಲ್ಲಿ ಒಂದು ಭಾಗ. ಕೈಯಲ್ಲಿ ಯಾವ ಸಲಕರಣೆಯೂ ಇಲ್ಲದವರಿಗೆ ಹಿಂದೆ ಸರಿಯುವುದಕ್ಕಿಂತ ಒಳ್ಳೆಯ ರಕ್ಷಣೆ ಇಲ್ಲ. ಲೋಡು ತಂದ ಡ್ರೈವರ್, ಇಳಿಸಿದ ಹಮಾಲರು, ಡಬ್ಬಿಯ ಪಕ್ಕ ಕೂತು ಊಟ ಮಾಡಿದ ಹುಡುಗರು, ಇವರೆಲ್ಲರ ಹೆಸರು ಬರೆದಿಟ್ಟುಕೊಳ್ಳಿ. ಯಾರಿಗಾದರೂ ಕಾರಣವಿಲ್ಲದೆ ವಾಂತಿಯಾಗಿದ್ದರೆ, ಅಂಗೈ ಬಿಸಿ ತಾಗಿದಂತೆ ಕೆಂಪಾಗಿದ್ದರೆ ಅದನ್ನು ವೈದ್ಯರಿಗೂ ಪೊಲೀಸರಿಗೂ ಹೇಳಲೇಬೇಕು. ಪೊಲೀಸರ ಮೂಲಕ ಜಿಲ್ಲಾಡಳಿತಕ್ಕೆ ಸುದ್ದಿ ಹೋಗುತ್ತದೆ, ಅಲ್ಲಿಂದ ಅಣುಶಕ್ತಿ ಇಲಾಖೆಯ ತುರ್ತು ತಂಡವೂ ತರಬೇತಿ ಪಡೆದ ವಿಪತ್ತು ಪಡೆಯವರೂ ಮಾಪಕ ಹಿಡಿದು ಬರುತ್ತಾರೆ. ರೇಡಿಯೋಥೆರಪಿ ವಿಭಾಗವಿರುವ ದೊಡ್ಡ ಆಸ್ಪತ್ರೆಗಳಲ್ಲಿ ವಿಕಿರಣ ಸುರಕ್ಷಾ ಅಧಿಕಾರಿ ಎಂಬ ಹುದ್ದೆ ಕಡ್ಡಾಯವಾಗಿ ಇರುತ್ತದೆ, ಅವರ ಸಲಹೆಯನ್ನೂ ಪೊಲೀಸರು ಪಡೆಯಬಹುದು.

ವಾಪಸ್ ಕಳಿಸಬೇಡಿ ಎಂದದ್ದಕ್ಕೆ ಕಾರಣ ಹೇಳುತ್ತೇನೆ. ಒಂದು ಅಂಗಡಿಯಿಂದ ಹೊರಟ ಡಬ್ಬಿ ಇನ್ನೊಂದು ಅಂಗಡಿ ಸೇರಿ, ಕೊನೆಗೆ ಕುಲುಮೆಗೆ ಬಿದ್ದರೆ, ಮೂಲ ಕರಗಿ ಉಕ್ಕಿನೊಂದಿಗೆ ಬೆರೆತುಹೋಗುತ್ತದೆ. 2008ರಲ್ಲಿ ಫ್ರಾನ್ಸಿನಲ್ಲಿ ಲಿಫ್ಟಿನ ಗುಂಡಿಗಳಲ್ಲಿ ಕೋಬಾಲ್ಟ್-60 ಪತ್ತೆಯಾಯಿತು. ಆ ಉಕ್ಕು ಹೋಗಿದ್ದು ಭಾರತದಿಂದ. ಹಳದಿ ಮೇಲಿನ ಮೂರೆಲೆಯ ಗುರುತಿನ ಜೊತೆಗೆ, 2007ರಿಂದ ಅಪಾಯಕಾರಿ ಮೂಲಗಳಿಗೆ ಕೆಂಪು ತ್ರಿಕೋನದ ಇನ್ನೊಂದು ಗುರುತೂ ಬಂದಿದೆ: ಮೇಲೆ ಕಿರಣ ಸೂಸುವ ಮೂರೆಲೆ, ಕೆಳಗೆ ತಲೆಬುರುಡೆ ಮತ್ತು ಓಡುತ್ತಿರುವ ಮನುಷ್ಯ. ಓದಲು ಬಾರದ ಹುಡುಗನಿಗೂ ತಿಳಿಯಲೆಂದೇ ಬರೆದ ಚಿತ್ರ ಅದು. ಈ ಎರಡು ಗುರುತುಗಳನ್ನು ದೊಡ್ಡದಾಗಿ ಮುದ್ರಿಸಿ ನಿಮ್ಮ ತೂಕದ ಯಂತ್ರದ ಎದುರು ಅಂಟಿಸಿ, ಪಕ್ಕದ ಅಂಗಡಿಗಳಿಗೂ ಕೊಡಿ.

ಪ್ರಶ್ನೆ: ಕೆ.ಆರ್. ಪೇಟೆ ಕಡೆಯ ನಮ್ಮ ಹಳ್ಳಿಯಲ್ಲಿ ಹಳೆಯ ಮನೆ ಕೆಡವಿದಾಗ ತಾಮ್ರದ ಚೊಂಬೊಂದು ಸಿಕ್ಕಿದೆ. ಅದು ಅಕ್ಕಿಯನ್ನು ಎಳೆಯುತ್ತದೆ, ಅದರಲ್ಲಿ ಇರಿಡಿಯಂ ವಿಕಿರಣ ಇದೆ, ಕೋಟಿಗಟ್ಟಲೆ ಬೆಲೆ ಬಾಳುತ್ತದೆ ಎಂದು ಇಬ್ಬರು ಬಂದು ಹೇಳಿದ್ದಾರೆ. ವಿಜ್ಞಾನಿಗಳನ್ನು ಕರೆಸಿ ಪರೀಕ್ಷೆ ಮಾಡಿಸಲು ಮುಂಗಡ ಕೇಳುತ್ತಿದ್ದಾರೆ. ನಿಜವೇ? ಮನೆಯಲ್ಲಿಟ್ಟರೆ ಅಪಾಯವೇ?

ಉತ್ತರ: ಚೊಂಬಿನಿಂದ ಅಪಾಯವಿಲ್ಲ, ಬಂದವರಿಂದ ಇದೆ. ರೈಸ್ ಪುಲ್ಲಿಂಗ್ ಎಂಬ ಈ ಮೋಸದಲ್ಲಿ ಮನೆ, ಹೊಲ ಕಳೆದುಕೊಂಡವರಿದ್ದಾರೆ. ಬೆಳ್ಳಿ ಬಣ್ಣದ ರಕ್ಷಾ ಉಡುಪು ತೊಟ್ಟು ವಿಜ್ಞಾನಿಗಳಂತೆ ನಟಿಸುವವರನ್ನು ಪೊಲೀಸರು ಹಿಡಿದದ್ದೂ ಇದೆ. ಭೂಮಿಯಲ್ಲಿ ಸಹಜವಾಗಿ ಸಿಗುವ ಇರಿಡಿಯಂ ವಿಕಿರಣ ಸೂಸುವುದಿಲ್ಲ. ವಿಕಿರಣ ಸೂಸುವ ಇರಿಡಿಯಂ-192 ಅನ್ನು ಪರಮಾಣು ಸ್ಥಾವರದಲ್ಲಿ ತಯಾರಿಸುತ್ತಾರೆ, ಅದರ ಅರ್ಧಾಯುಷ್ಯ 74 ದಿನ. ಎರಡು ವರ್ಷ ಕಳೆದರೆ ಸಾವಿರದಲ್ಲಿ ಒಂದು ಭಾಗ ಉಳಿಯುತ್ತದೆ. ಮುತ್ತಜ್ಜನ ಕಾಲದ ಚೊಂಬಿನಲ್ಲಿ ಅದು ಉಳಿಯಲು ಸಾಧ್ಯವೇ ಇಲ್ಲ. ಇನ್ನು ಅಕ್ಕಿಕಾಳು ಸರಿದದ್ದು. ಅಕ್ಕಿಯಲ್ಲಿ ಕಬ್ಬಿಣದ ಚೂರು ಅಡಗಿಸಿ, ಪಾತ್ರೆಯ ತಳದಲ್ಲಿ ಅಯಸ್ಕಾಂತ ಇಟ್ಟರೆ ಯಾವ ಕಾಳೂ ಸರಿಯುತ್ತದೆ. ಒಂದು ರೂಪಾಯಿಯನ್ನೂ ಕೊಡಬೇಡಿ, ಆ ಇಬ್ಬರ ಫೋನ್ ನಂಬರನ್ನು ಠಾಣೆಗೆ ಕೊಡಿ.

ಪ್ರಶ್ನೆ: ಶ್ರೀರಂಗಪಟ್ಟಣದ ನಮ್ಮ ಮನೆಯ ಅಟ್ಟದಲ್ಲಿ ತಾತನವರ ಪೆಟ್ಟಿಗೆ ತೆರೆದಾಗ, ಕತ್ತಲೆಯಲ್ಲಿ ಹೊಳೆಯುತ್ತಿತ್ತೆಂದು ಅಪ್ಪ ಹೇಳುತ್ತಿದ್ದ ವಿದೇಶಿ ಕೈಗಡಿಯಾರವೂ ಪೆಟ್ರೋಮ್ಯಾಕ್ಸ್ ದೀಪದ ಮ್ಯಾಂಟಲ್ ಪೊಟ್ಟಣಗಳೂ ಸಿಕ್ಕವು. ಗಡಿಯಾರ ಈಗ ಹೊಳೆಯುವುದಿಲ್ಲ. ಎರಡರಲ್ಲೂ ವಿಕಿರಣ ಇದೆ ಎಂದು ಮಗಳು ಮೊಬೈಲಿನಲ್ಲಿ ಓದಿ ಹೇಳುತ್ತಿದ್ದಾಳೆ, ಅವಳು ಈಗ ಬಸುರಿ. ಎಸೆದುಬಿಡಲೇ?

ಉತ್ತರ: ಮಗಳು ಓದಿದ್ದು ನಿಜ, ಭಯಪಡುವಷ್ಟು ಇಲ್ಲ. ದೀಪದ ಉರಿಗೆ ಕಟ್ಟುವ ಬಲೆಯಂಥ ಪುಟ್ಟ ಚೀಲವಾದ ಮ್ಯಾಂಟಲ್ ಕಡೆಯಿಂದ ಶುರುಮಾಡುತ್ತೇನೆ. ಆಲೆಮನೆಯಲ್ಲಿ ರಾತ್ರಿಯಿಡೀ ಬೆಲ್ಲದ ಪಾಕ ಕುದಿಯುವಾಗ, ಮದುವೆ ಚಪ್ಪರದ ಕೆಳಗೆ, ಜಾತ್ರೆಯ ಅಂಗಡಿ ಸಾಲಿನಲ್ಲಿ ಬುಸ್ ಎನ್ನುತ್ತಾ ಉರಿಯುತ್ತಿದ್ದ ಆ ಬಿಳಿ ಬೆಳಕು ಥೋರಿಯಂ ಆಕ್ಸೈಡಿನದು, ಜೊತೆಗೆ ನೂರರಲ್ಲಿ ಒಂದು ಭಾಗದಷ್ಟು ಸೀರಿಯಂ. ಕೇರಳ, ತಮಿಳುನಾಡುಗಳ ಕಡಲ ಮರಳಿನ ಮೋನಜೈಟ್ ಖನಿಜದಿಂದ ತೆಗೆದ ಥೋರಿಯಂ ನಮ್ಮ ದೇಶದ ಮ್ಯಾಂಟಲ್ಲುಗಳಿಗೆ ಹೋಗುತ್ತಿತ್ತು. ಪೊಟ್ಟಣದಲ್ಲಿರುವ ಹೊಸ ಮ್ಯಾಂಟಲ್‌ನಿಂದ ಪಕ್ಕದಲ್ಲಿ ಓಡಾಡುವವರಿಗೆ ತಗುಲುವುದು ಲೆಕ್ಕಕ್ಕೆ ಬಾರದಷ್ಟು. ಎಚ್ಚರ ಬೇಕಾದದ್ದು ಉರಿದ ಮ್ಯಾಂಟಲ್ ಪುಡಿಯಾದಾಗ: ಆ ಬೂದಿಯನ್ನು ಊದಬಾರದು, ಒಣ ಪೊರಕೆಯಿಂದ ಗುಡಿಸಬಾರದು, ಒದ್ದೆ ಕಾಗದದಿಂದ ಒರೆಸಿ ಕೈ ತೊಳೆದುಕೊಳ್ಳಬೇಕು. ಮಗಳು ಆ ಕೆಲಸಕ್ಕೆ ಕೈಹಾಕದಿದ್ದರೆ ಆಯಿತು.

ಗಡಿಯಾರದ ವಿಷಯ ಸ್ವಲ್ಪ ಬೇರೆ. ಹಳೆಯ ಕಾಲದಲ್ಲಿ ಅಂಕಿಗಳಿಗೂ ಮುಳ್ಳುಗಳಿಗೂ ಹಚ್ಚುತ್ತಿದ್ದ ಹೊಳಪು ಬಣ್ಣದಲ್ಲಿ ರೇಡಿಯಂ ಇರುತ್ತಿತ್ತು. ರೇಡಿಯಂ ಕಿರಣ ತಾಗಿ ಹೊಳೆಯುತ್ತಿದ್ದದ್ದು ಅದರ ಜೊತೆ ಬೆರೆಸಿದ ಸತುವಿನ ಸಲ್ಫೈಡ್. ಆ ಪುಡಿ ವರ್ಷಗಳು ಕಳೆದಂತೆ ಸೋತು ಹೊಳಪು ಆರಿತು. ರೇಡಿಯಂ ಮಾತ್ರ ಆರಿಲ್ಲ, ಅದರ ಅರ್ಧಾಯುಷ್ಯ 1,600 ವರ್ಷ, ತಾತನವರ ಕಾಲದಿಂದ ಇಂದಿಗೆ ಅದರಲ್ಲಿ ಕಡಿಮೆಯಾಗಿರುವುದು ಅತ್ಯಲ್ಪ. ಅಮೆರಿಕದಲ್ಲಿ ಒಂದು ಶತಮಾನದ ಹಿಂದೆ ಈ ಬಣ್ಣ ಹಚ್ಚುತ್ತಿದ್ದ ಹೆಣ್ಣುಮಕ್ಕಳು ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುವಂತೆ ಹೇಳಿಸಿಕೊಂಡು, ನುಂಗಿದ ರೇಡಿಯಂ ಮೂಳೆ ಸೇರಿ, ಅವರಲ್ಲಿ ಹಲವರು ದವಡೆ ಕೊಳೆತು ಸತ್ತರು. ಮುಖ್ಯ ಅಪಾಯ ಆ ಬಣ್ಣ ಮೈಯೊಳಗೆ ಹೋದಾಗ, ಹಾಗಾಗಿ ಗಾಜು ಮುಚ್ಚಿರುವ ಗಡಿಯಾರವನ್ನು ನೋಡುವುದರಲ್ಲಿ, ಒಮ್ಮೊಮ್ಮೆ ಕೈಗೆತ್ತಿಕೊಳ್ಳುವುದರಲ್ಲಿ ತೊಂದರೆಯಿಲ್ಲ. ಹಿಂದಿನ ಮುಚ್ಚಳ ಬಿಚ್ಚುವುದು, ರಿಪೇರಿಗೆ ಕೊಟ್ಟು ಆ ಬಣ್ಣವನ್ನು ಕೆರೆಸುವುದು ಬೇಡವೇ ಬೇಡ. ಪ್ರತಿದಿನ ಕಟ್ಟಿಕೊಳ್ಳಬೇಡಿ, ಮಲಗುವ ಕೋಣೆಯಲ್ಲಿ ಇಡಬೇಡಿ. ಗಾಜು ಒಡೆದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಗಿಯಾಗಿ ಕಟ್ಟಿ, ಕೈ ತೊಳೆದು, ಮೊದಲ ಪ್ರಶ್ನೆಗೆ ಹೇಳಿದ ಮಂಡಳಿಗೆ ಬರೆದು ಕೇಳಿ. ಕಸದ ಗಾಡಿಗೆ ಹಾಕಬೇಡಿ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಗಾಡಿಗಳ ನಂಬರ್ ಪ್ಲೇಟಿಗೂ ಲಾರಿಗಳ ಹಿಂಬದಿಗೂ ಅಂಟಿಸುವ ಸ್ಟಿಕರನ್ನು ನಾವೆಲ್ಲ ರೇಡಿಯಂ ಎಂದೇ ಕರೆಯುತ್ತೇವೆ. ರೇಡಿಯಂ ಕಟಿಂಗ್ ಎಂದು ಬೋರ್ಡು ಹಾಕಿದ ಅಂಗಡಿಗಳು ಮೈಸೂರಿನಲ್ಲಿ ಬೇಕಾದಷ್ಟಿವೆ. ಅದು ಬೆಳಕನ್ನು ಬಂದ ದಾರಿಯಲ್ಲೇ ತಿರುಗಿಸುವ ಹಾಳೆ ಅಷ್ಟೇ, ಅದರಲ್ಲಿ ರೇಡಿಯಂ ಎಳ್ಳಷ್ಟೂ ಇಲ್ಲ. ಅದನ್ನು ಕಂಡು ಮಗಳು ಹೆದರಬೇಕಾಗಿಲ್ಲ.

ತಾತನವರ ನೆನಪನ್ನು ಎಸೆಯಬೇಡಿ. ಗಡಿಯಾರವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಮಕ್ಕಳ ಕೈಗೆಟುಕದ ಅಟ್ಟದ ಮೇಲೆಯೇ ಇಡಿ, ಡಬ್ಬಿಯ ಮೇಲೆ ಮಸಿ ಹೋಗದ ಪೆನ್ನಿನಲ್ಲಿ, ರೇಡಿಯಂ ಬಣ್ಣದ ಹಳೆ ಗಡಿಯಾರ, ಬಿಚ್ಚಬೇಡಿ ಎಂದು ನಿಮ್ಮ ಕೈಯಾರೆ ಬರೆದು, ದಿನಾಂಕ ಹಾಕಿ. ನಿಮ್ಮ ಮೊಮ್ಮಗು ಬೆಳೆದು ಆ ಪೆಟ್ಟಿಗೆ ತೆರೆದಾಗ ಓದಿಕೊಳ್ಳುತ್ತದೆ.